ಸೀಮೆಸುಣ್ಣದ ಏಟು

ಹರಳೆಣ್ಣೆಯ ವಾಸನೆ ಮೂಗಿಗೆ ಬಿದ್ದರೆ ಸಾಕು, ಇವತ್ತಿಗೂ ಅವನ ಅಂಗೈಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಅಪ್ಪ ಶಾಲೆಯ ಮೇಷ್ಟ್ರು. ಭಾನುವಾರ ಊಟ ಮುಗಿಸಿ ಕಿಟಕಿಯ ಬೆಳಕಿಗೆ ಕೂತು ಬೆತ್ತಕ್ಕೆ ಎಣ್ಣೆ ಸವರುತ್ತಿದ್ದರು. ಬೆತ್ತ ಒಣಗಿದರೆ ಸೀಳುತ್ತದೆ, ಸೀಳಿದರೆ ಮಕ್ಕಳ ಕೈಗೆ ಸಿಬಿರು ಚುಚ್ಚೀತು ಎಂಬುದು ಅವರ ಕಾಳಜಿ. ಸೋಮವಾರ ಅದೇ ಕಾಳಜಿಯಿಂದ ಬಾಸುಂಡೆ ಏಳುವ ಹಾಗೆ ಬಾರಿಸುತ್ತಿದ್ದರು. ಮಗನಿಗೆ ಒಂದು ಏಟು ಹೆಚ್ಚೇ ಬೀಳುತ್ತಿತ್ತು. ಅಮ್ಮ ಆ ಬಾಸುಂಡೆಗೂ ಅದೇ ಎಣ್ಣೆ ಹಚ್ಚುತ್ತಿದ್ದಳು. ತಾನು ಪಾಠ ಹೇಳುವ ಕಾಲ ಬಂದರೆ ಬೆತ್ತ ಮುಟ್ಟುವುದಿಲ್ಲ ಎಂದು ಹುಡುಗ ಆಗಲೇ ನಿಶ್ಚಯಿಸಿಕೊಂಡಿದ್ದ.

ಆ ಮಾತನ್ನು ಅವನು ಉಳಿಸಿಕೊಂಡ. ಬೆತ್ತ ಮುಟ್ಟಲಿಲ್ಲ.

ಅವನು ಗಣಿತದ ಸಂಶೋಧನೆಗೆ ಸೇರಿದ ವಿಶ್ವವಿದ್ಯಾಲಯಕ್ಕೆ ಸಂಶೋಧನೆಯಲ್ಲಿ ದೊಡ್ಡ ಹೆಸರಿತ್ತು. ಅಲ್ಲಿನ ಪ್ರಾಧ್ಯಾಪಕರಿಗೆ ಮೊದಲ ವರ್ಷದ ಮಕ್ಕಳೆಂದರೆ ದಾರಿಗೆ ಅಡ್ಡ ನಿಂತವರು, ಅಷ್ಟೆ. ಅವನ ಗೈಡಂತೂ ತರಗತಿಗೆ ಹೋಗುವುದನ್ನೇ ಬಿಟ್ಟಿದ್ದರು. ಅವರ ಜೀವವೆಲ್ಲ ವಾರದ ಕೂಟದಲ್ಲಿ. ಒಬ್ಬ ಶಿಷ್ಯ ಬೋರ್ಡಿನ ಮುಂದೆ ನಿಂತು ಪ್ರಮೇಯದ ಸಾಧನೆ ಬರೆಯಬೇಕು. ಉಳಿದವರ ಕೈಯಲ್ಲಿ ಒಂದೊಂದು ಸೀಮೆಸುಣ್ಣದ ತುಂಡು. ಎಲ್ಲಿ ತಪ್ಪು ಕಂಡಿತೋ ಅಲ್ಲಿ ಬೀಸಿ ಹೊಡೆಯಬೇಕು. ಏಟು ಬಿದ್ದವನು ಬರೆದದ್ದನ್ನೆಲ್ಲ ಒರೆಸಿ ಮೊದಲಿಂದ ಶುರುಮಾಡಬೇಕು. ಗೈಡರ ಗುರಿ ತಪ್ಪುತ್ತಿರಲಿಲ್ಲ. ಮಾತಾಡುತ್ತಲೇ, ಚಹಾ ಕುಡಿಯುತ್ತಲೇ, ನೋಡದವರ ಹಾಗೆ ಕೈ ಬೀಸುತ್ತಿದ್ದರು. ಒಮ್ಮೆ ಸೀಮೆಸುಣ್ಣ ಮುಗಿದು ಮರದ ಡಸ್ಟರನ್ನೇ ಬೀಸಿದ್ದರು. ಬೋರ್ಡಿನ ಮುಂದಿದ್ದ ಅವನ ಹುಬ್ಬು ಸೀಳಿ ಕಣ್ಣಿನ ತುಂಬ ನೆತ್ತರಾಗಿತ್ತು. ಆ ಗಾಯದ ಗುರುತನ್ನು ಅವನು ಪದಕದ ಹಾಗೆ ಸವರಿಕೊಳ್ಳುತ್ತಿದ್ದ.

ಆ ವರ್ಷ ಮೇಲಿನವರಿಗೆ ಎಚ್ಚರವಾಯಿತು. ಹೊಸ ಮಕ್ಕಳು ತರಗತಿಯಲ್ಲಿ ನಿದ್ದೆ ಹೊಡೆಯುತ್ತಾರೆ, ಪಾಠ ಸುಧಾರಿಸಬೇಕು, ಸಂಶೋಧಕರೇ ಲೆಕ್ಕದ ತರಗತಿಗಳನ್ನು ವಹಿಸಿಕೊಂಡು ಮಕ್ಕಳನ್ನೂ ಪಾಠದೊಳಗೆ ತೊಡಗಿಸಬೇಕು ಎಂದು ಅಪ್ಪಣೆಯಾಯಿತು. ಅವನಿಗೆ ನಿಜವಾಗಿಯೂ ಹುರುಪು ಬಂತು. ತನಗೆ ಗೊತ್ತಿದ್ದ ಒಳ್ಳೆಯ ಪಾಠ ಒಂದೇ. ಮೊದಲ ದಿನ ಮಕ್ಕಳ ಕೈಗೆಲ್ಲ ಒಂದೊಂದು ಸೀಮೆಸುಣ್ಣ ಕೊಟ್ಟ.

ಮಕ್ಕಳು ಬಿದ್ದು ಬಿದ್ದು ನಕ್ಕರು. ನಿದ್ದೆ ಹಾರಿಹೋಯಿತು. ಪಕ್ಕದ ತರಗತಿಯವರು ಬಾಗಿಲಲ್ಲಿ ಇಣುಕಿದರು. ಆದರೆ ದಿನ ಕಳೆದಂತೆ ಏಟುಗಳು ಬಿರುಸಾದವು. ಜೋರಾಗಿ ಎಸೆಯುವವನೇ ಜಾಣ ಎಂದಾಯಿತು. ತಪ್ಪು ಕಂಡರೂ ಏಟು, ಅರ್ಥವಾಗದಿದ್ದರೂ ಏಟು.

ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು. ದನಿ ಮೆಲ್ಲಗಿದ್ದುದರಿಂದ ಎಲ್ಲರೂ ಇಲಿಮರಿ ಎನ್ನುತ್ತಿದ್ದರು. ತಂದೆತಾಯಿ ಇಲ್ಲದವಳು, ಚಿಕ್ಕಮ್ಮ ಸಾಕಿದವಳು. ಅವಳ ಸರದಿ ಬಂದ ದಿನ ಬೋರ್ಡಿನ ಮೇಲೆ ವೃತ್ತದೊಳಗಿನ ತ್ರಿಭುಜದ ಲೆಕ್ಕವಿತ್ತು. ಪುಸ್ತಕದಲ್ಲಿ ಇಲ್ಲೊಂದು ಗೆರೆ ಎಳೆಯುತ್ತಾರೆ. ಅವಳು ಮರದ ದೊಡ್ಡ ಕೈವಾರ ಹಿಡಿದು ಎರಡನೆಯ ವೃತ್ತ ಬರೆಯತೊಡಗಿದಳು.

ಬೆನ್ನಿಗೆ ಮೊದಲ ಏಟು ಬಿತ್ತು. ಒರೆಸಿ ಮತ್ತೆ ಬರೆದಳು. ಅದೇ ವೃತ್ತ, ಮತ್ತೆ ಏಟು. ಮೂರನೆಯ ಸಲ ಆಲಿಕಲ್ಲಿನ ಹಾಗೆ ಸುರಿಯಿತು.

"ಬಿಲಕ್ಕೆ ಹೋಗೇ ಇಲಿಮರಿ!" ಎಂದು ಯಾರೋ ಕೂಗಿದರು.

ಒಬ್ಬ ಹುಡುಗ ಮಾತ್ರ ಎಸೆಯಲಿಲ್ಲ. ಅವನ ಮುಷ್ಟಿಯಲ್ಲಿ ಸೀಮೆಸುಣ್ಣ ಬೆವರಿಗೆ ನೆನೆದು ಮುದ್ದೆಯಾಗಿತ್ತು. ಹಿಂದಿನಿಂದ ಡಸ್ಟರ್ ಹಾರಿ ಬಂದು ಅವಳ ಕಿವಿಯ ಮೇಲೆ ಬಡಿಯಿತು. ನೆತ್ತರು ಕತ್ತಿನ ಮೇಲೆ ಇಳಿಯಿತು. ಪಾಠ ಹೇಳುವವನ ಕೈ ತನ್ನ ಹುಬ್ಬಿನ ಗುರುತಿಗೆ ಹೋಯಿತು. ಇವಳೂ ಈಗ ನಮ್ಮವಳಾದಳು ಅನ್ನಿಸಿತು. ಪ್ರೀತಿಯಿಂದಲೇ ಹೇಳಿದ:

"ಒರೆಸಮ್ಮಾ. ಮೊದಲಿಂದ ಬರಿ."

ಅವಳು ತಿರುಗಿದಳು. ಕೈವಾರವನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದಳು. ಮರದ ಕಾಲು ಅವನ ದವಡೆಗೆ ಬಡಿದು ಒಳಗೆ ಏನೋ ಲಟಕ್ಕೆಂದಿತು. ಎರಡನೆಯ ಏಟಿಗೆ ಕಬ್ಬಿಣದ ಮೊನೆ ಕೆನ್ನೆಯನ್ನು ಸೀಳಿಕೊಂಡು ಹೋಯಿತು. ಅವನು ಮೇಜಿನ ಮೇಲೆ ಬಿದ್ದ, ಬಾಯಿಂದ ಹಲ್ಲು ಉದುರಿತು. ಆಮೇಲೆ ತರಗತಿಯೇ ಅವಳ ಮೇಲೆ ಬಿತ್ತು. ಕೂದಲು ಹಿಡಿದು ನೆಲಕ್ಕೆ ಕೆಡವಿದರು, ಹೊಟ್ಟೆಗೆ ಒದ್ದರು, ಬಲಗೈ ಮೇಲೆ ಯಾರೋ ಬೂಟುಗಾಲಿನಲ್ಲಿ ನಿಂತರು. ಮೂಳೆ ಮುರಿದದ್ದು ಅವನಿಗೆ ಕೇಳಿಸಿತು. ನಿಲ್ಲಿಸಿ ಎನ್ನಲು ಹೋದ. ಬಾಯಿ ತೆರೆಯಲಿಲ್ಲ.

ಆಸ್ಪತ್ರೆಯಲ್ಲಿ ದವಡೆಗೆ ತಂತಿ ಬಿಗಿದರು. ವಾರ್ಡಿನ ಆಯಾ ಕೇಳದೆಯೇ ನೀರಿನ ಕೊಳವೆಯನ್ನು ಅವನ ತುಟಿಯ ನೋವಿಲ್ಲದ ಕಡೆಗೆ ತಿರುಗಿಸಿಡುತ್ತಿದ್ದಳು. ಅಕ್ಕ ಬಂದು ಕೂತು ಕಣ್ಣೊರೆಸಿಕೊಂಡು, "ಅಂತೂ ನಿನ್ನ ಬಾಯಿ ಮುಚ್ಚಿಸೋಳು ಒಬ್ಬಳು ಹುಟ್ಟಿದ್ಲಲ್ಲೋ, ನನ್ನ ಕೈಲಂತೂ ಆಗಿರ್ಲಿಲ್ಲ" ಎಂದಳು. ಅವನಿಗೆ ನಗಲೂ ಆಗಲಿಲ್ಲ.

ಗೈಡ್ ಬಂದು ಬಾಗಿಲು ಮುಂದೆ ಮಾಡಿದರು. ವಿಚಾರಣೆ ಇದೆ, ಹುಡುಗಿಯನ್ನು ಹೊರಹಾಕುವುದು ಬಹುತೇಕ ಖಚಿತ, ಇನ್ನು ಅವನದೊಂದು ಹೇಳಿಕೆ ಬೇಕು ಎಂದರು.

"ನೋಡಪ್ಪಾ, ಅವಳಿಗೆ ತಲೆ ಕೆಟ್ಟಿತ್ತು, ಸುಮ್ಮಸುಮ್ಮನೆ ಮೇಲೆ ಬಿದ್ಲು ಅಂದ್ಬಿಡು. ಸೀಮೆಸುಣ್ಣದ್ದು ನಮ್ಮ ಮನೆ ಮಾತು. ಅದು ಬೀದಿಗೆ ಬಂದ್ರೆ ನಿನ್ನ ಪ್ರಬಂಧಕ್ಕೆ ನಾನು ಸಹಿ ಹಾಕೋನಲ್ಲ."

ಅವರು ಹೋದ ಮೇಲೆ ಅವನು ಕಣ್ಣು ಮುಚ್ಚಿ ಬೋರ್ಡನ್ನು ನೆನೆಸಿಕೊಂಡ. ಅಂದು ಅವನು ಎಸೆಯುವವರನ್ನು ನೋಡಿದ್ದ, ಬೋರ್ಡನ್ನು ನೋಡಿರಲಿಲ್ಲ. ಈಗ ಎರಡನೆಯ ವೃತ್ತವನ್ನು ಮನಸ್ಸಿನಲ್ಲೇ ಪೂರ್ತಿ ಮಾಡಿದ. ಲೆಕ್ಕ ತಾನಾಗಿ ಬಿಚ್ಚಿಕೊಂಡಿತು. ಪುಸ್ತಕದ ದಾರಿಗಿಂತ ಹತ್ತಿರದ ದಾರಿ. ಅವಳದು ತಪ್ಪೇ ಇರಲಿಲ್ಲ. ಒಡೆದ ದವಡೆಗಿಂತ ಅದೇ ಹೆಚ್ಚು ನೋಯಿಸಿತು.

ವಿಚಾರಣೆ ನಡೆದದ್ದು ಒಂದು ಖಾಲಿ ತರಗತಿಯಲ್ಲಿ. ಸಮಿತಿಯ ಅಧ್ಯಕ್ಷೆ ವಯಸ್ಸಾದ ಪ್ರಾಧ್ಯಾಪಕಿ. ಗೈಡೂ ಸದಸ್ಯರಾಗಿ ಒಂದು ಕುರ್ಚಿಯಲ್ಲಿದ್ದರು, ಮುಂದೆ ಚಹಾ. ಮೇಜಿನ ಮೇಲೆ ನೆತ್ತರು ಒಣಗಿದ ಕೈವಾರ. ಹುಡುಗಿ ಗೋಡೆಯ ಪಕ್ಕ, ಬಲಗೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ತಂತಿ ಬಿಗಿದ ಬಾಯಿಂದ ಮಾತು ಹೊರಡದ ಅವನಿಗೆ, ನಡೆದದ್ದನ್ನು ಆಗುವುದಾದರೆ ಬರೆದು ತೋರಿಸಿ ಎಂದರು ಅಧ್ಯಕ್ಷೆ.

ಅವನು ಸೀಮೆಸುಣ್ಣದ ಡಬ್ಬಿ ತೆಗೆದು ಸಮಿತಿಯವರ ಮುಂದೆಲ್ಲ ಒಂದೊಂದು ತುಂಡು ಇಟ್ಟ. ಅವರು ಮುಖ ಮುಖ ನೋಡಿಕೊಂಡರು. ಅವನು ಕೈವಾರ ಎತ್ತಿಕೊಂಡು ಬೋರ್ಡಿನ ಮೇಲೆ ಅವಳ ಲೆಕ್ಕ ಬರೆಯತೊಡಗಿದ. ವೃತ್ತ, ತ್ರಿಭುಜ. ಗೆರೆ ಎಳೆಯಬೇಕಾದ ಜಾಗದಲ್ಲಿ ಎರಡನೆಯ ವೃತ್ತಕ್ಕೆ ಕೈಹಾಕಿ, ಇದೇನು ಎಂದು ಕೇಳುವವನ ಹಾಗೆ ಹಿಂದಿರುಗಿ ನೋಡಿದ.

ಟಪ್ಪೆಂದು ಬಂದು ಬಡಿಯಿತು. ಹೊಲಿಗೆ ಹಾಕಿದ ಕೆನ್ನೆಯ ಮೇಲೇ. ಪಟ್ಟಿಯ ಮೇಲೆ ಕೆಂಪು ಮೂಡಿ ಹರಡಿತು.

ಎಲ್ಲರ ತಲೆಯೂ ಗೈಡರ ಕಡೆ ತಿರುಗಿತು. ಅವರ ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದು ಕೈ ಇನ್ನೂ ಗಾಳಿಯಲ್ಲಿ. ಆ ಕೈಯನ್ನು ಅವರೂ ಬೇರೆ ಯಾರದೋ ಎಂಬಂತೆ ನೋಡಿದರು.

ಅವನು ಒರೆಸಲಿಲ್ಲ. ವೃತ್ತ ಮುಗಿಸಿ ಲೆಕ್ಕವನ್ನು ಕೊನೆಯ ಸಾಲಿನವರೆಗೆ ಬರೆದ. ಕೆಳಗೆ, "ಇದು ಅವಳದು. ಸರಿಯಾಗಿದೆ. ಹೊಡೆಯಲು ಕಲಿಸಿದವನು ನಾನು" ಎಂದು ಬರೆದು ಸೀಮೆಸುಣ್ಣ ಕೆಳಗಿಟ್ಟ.

ಅಧ್ಯಕ್ಷೆ ಬಹಳ ಹೊತ್ತು ಬೋರ್ಡನ್ನೇ ಓದಿದರು. ಆಮೇಲೆ ಹುಡುಗಿಯ ಕಡೆ ತಿರುಗಿ, "ಕೈ ವಾಸಿಯಾದ ಮೇಲೆ ತರಗತಿಗೆ ಬಾಮ್ಮಾ" ಎಂದರು. ಒದ್ದವರ ವಿಚಾರಣೆ ನಾಳೆಯಿಂದ, ಸೀಮೆಸುಣ್ಣದ ಆ ವಾರದ ಕೂಟ ಇವತ್ತಿಗೇ ಮುಗಿಯಿತು ಎಂದೂ ಹೇಳಿದರು. ಗೈಡ್ ಎದ್ದು ಹೋಗುವಾಗ ಅವನ ಪಕ್ಕ ಒಂದು ಕ್ಷಣ ನಿಂತರು.

"ಬೇರೆ ಗೈಡ್ ಹುಡುಕ್ಕೋ."

ಅವನು ತಲೆಯಾಡಿಸಿದ.

ಹೊರಗಿನ ಬೆಂಚಿನಲ್ಲಿ ಹುಡುಗಿಯ ಚಿಕ್ಕಮ್ಮ ಊಟದ ಡಬ್ಬಿ ಬಿಚ್ಚುತ್ತಿದ್ದಳು. ಬೇರೆಡೆ ಜಾಗವಿಲ್ಲದೆ ಅವನು ಅದೇ ಬೆಂಚಿನ ತುದಿಯಲ್ಲಿ ಕೂತ. ಹುಡುಗಿ ಅವನ ಕಡೆ ನೋಡಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ತನ್ನ ಅನ್ನವನ್ನು ಕಿವುಚತೊಡಗಿದಳು. ಅಗುಳು ಕರಗುವವರೆಗೆ ಕಿವುಚಿ, ಅದಕ್ಕೆ ಹಾಲು ಹೊಯ್ದು, ಕೊಳವೆಯಲ್ಲಿ ಏರುವಷ್ಟು ತೆಳ್ಳಗೆ ಮಾಡಿದಳು. ಹುಡುಗಿ ಬಟ್ಟಲನ್ನು ಬೆಂಚಿನ ಮೇಲೆ ಮೆಲ್ಲಗೆ ಅವನ ಕಡೆಗೆ ಸರಿಸಿದಳು.