ನ್ಯೂರೈಟ್ ಎಂದು ಬರೆದವಳು

"ಇದಕ್ಕೆ ಆಕ್ಸಾನ್ ಅಂತ ಚೀಟಿ ಅಂಟ್ಸಿದ್ದು ಯಾರು ಮೇಡಂ? ಕೋಶ ಹುಟ್ಟಿ ಎರಡು ದಿನ ಆಗಿಲ್ಲ, ಆಗ್ಲೇ ಕೆಲಸಕ್ಕೆ ಹಚ್ಚಿಬಿಟ್ಟಿದಾರೆ!"

ಸೂಕ್ಷ್ಮದರ್ಶಕದಿಂದ ಕಣ್ಣು ಕೀಳದೆ ನಕ್ಕವನು ಕಾಲೇಜಿಗೆ ಹೊಸದಾಗಿ ಸೇರಿದ ಮೇಷ್ಟ್ರು ಅದಿಸಾ. ಚೀಟಿ ಅಂಟಿಸಿದ್ದ ಮೊನಿಸೋಲಾ ಮೇಡಂ ನಗಲಿಲ್ಲ.

ಎಳೆಯ ನರಕೋಶ ಮೊದಲು ನಾಲ್ಕೈದು ಎಳೆ ಚಾಚುತ್ತದೆ. ಮುಂದೆ ಅವುಗಳಲ್ಲಿ ಒಂದು ಸುದ್ದಿ ಸಾಗಿಸುವ ಆಕ್ಸಾನ್ ಆಗುತ್ತದೆ, ಮಿಕ್ಕವು ಸುದ್ದಿ ಪಡೆಯುವ ಡೆಂಡ್ರೈಟ್. ಯಾವುದು ಏನಾಗುತ್ತದೆಂದು ಹೇಳಲಾಗದಿದ್ದಾಗ ಬಳಸುವ ಮಾತು ನ್ಯೂರೈಟ್. ಹದಿನಾಲ್ಕು ವರ್ಷದ ಹಿಂದೆ ಎವಾತೋಮಿ ಎಂಬ ಹುಡುಗಿ ಪರೀಕ್ಷೆಯಲ್ಲಿ ಇದೇ ಗಾಜಿನ ಪಟ್ಟಿಯನ್ನು ನೋಡಿ ನ್ಯೂರೈಟ್ ಎಂದೇ ಬರೆದಿದ್ದಳು. ಮೇಡಂ ಸೊನ್ನೆ ಕೊಟ್ಟರು. ಕೋಶವೇ ಇನ್ನೂ ನಿರ್ಧರಿಸಿಲ್ಲವಲ್ಲ ಎಂದು ಅವಳು ವಾದಿಸಿದಾಗ, ನಿನ್ನ ತಲೆಯ ಕೋಶಗಳ ಪಾಡೂ ಅದೇ ಎಂದು ತರಗತಿಯನ್ನೆಲ್ಲ ನಗಿಸಿದರು. ಅವಳು ಒಂದೇ ಅಂಕದಿಂದ ಫೇಲಾಗಿ ಡಾಕ್ಟರಿ ಓದು ಬಿಟ್ಟು ಹೋದಳು.

ಆದದ್ದು ಇಷ್ಟೇ ಆಗಿದ್ದರೆ ಮೇಡಂ ಸುಧಾರಿಸಿಕೊಳ್ಳುತ್ತಿದ್ದರೇನೋ. ಆ ಸಂಜೆಯೇ ಪುಸ್ತಕ ತೆಗೆದು ನೋಡಿದ್ದರು. ಹುಡುಗಿ ಬರೆದದ್ದೇ ಸರಿಯಾಗಿತ್ತು. ನಗಿಸಿದ ಬಾಯಿಂದ ತಪ್ಪಾಯಿತು ಅನ್ನುವುದು ಹೇಗೆಂದು ಸುಮ್ಮನಾಗಿಬಿಟ್ಟಿದ್ದರು.

ಅದಿಸಾ ನಕ್ಕ ಮಾರನೆಯ ದಿನ ಮೇಡಂ ಅವಳ ಮನೆ ವಿಚಾರಿಸಿಕೊಂಡು ಇಬಾದಾನ್ ಊರಿನ ಹಳೇ ಪೇಟೆಗೆ ಹೋದರು. ಎವಾತೋಮಿ ಅಂಗಳದಲ್ಲಿ ಮಾರುವ ಬಟ್ಟೆಗಳನ್ನು ನೀಲಿ ಬಣ್ಣದಲ್ಲಿ ಅದ್ದುತ್ತಿದ್ದಳು. ಗುರುತು ಹಿಡಿದವಳೇ ಹಿರಿಯರ ಮುಂದೆ ಕಿರಿಯರು ಊರುವ ಪದ್ಧತಿಯಂತೆ ಮೊಣಕಾಲೂರಿ, ಮನೆಯವರು, ಮಕ್ಕಳು, ಮಂಡಿನೋವು ಎಲ್ಲ ವಿಚಾರಿಸಿ, ಬಿಸಿಬಿಸಿ ಅಕಾರಾ ವಡೆ ತಂದಿಟ್ಟಳು. ಮೇಡಂ ಒಂದನ್ನೂ ಮುಟ್ಟಲಿಲ್ಲ.

"ನೀನು ಬರೆದದ್ದು ಸರಿ ಇತ್ತು ಕಣಮ್ಮಾ."

"ಗೊತ್ತು ಮೇಡಂ." ಎವಾತೋಮಿ ಬಟ್ಟೆ ಹಿಂಡುತ್ತಲೇ ಇದ್ದಳು. "ಪಾಪ, ನಿಮಗೆ ಗೊತ್ತಿಲ್ಲ ಅಂದ್ಕೊಂಡೇ ಇಷ್ಟು ವರ್ಷ ಸಮಾಧಾನ ಮಾಡ್ಕೊಂಡೆ. ಯಾವಾಗ ಗೊತ್ತಾಯ್ತು?"

ನಿನ್ನೆ ಅಂದುಬಿಡಬಹುದಿತ್ತು. ಮಾತು ನಾಲಗೆಯ ತುದಿಗೂ ಬಂದಿತ್ತು.

"ಆವತ್ತು ಸಂಜೇನೇ."

ಹಿಂಡುತ್ತಿದ್ದ ಕೈ ನಿಂತಿತು.

"ಅಂಕಪಟ್ಟಿ ಆಫೀಸಿಗೆ ಹೋಗೋಕೆ ಇನ್ನೂ ಒಂಬತ್ತು ದಿನ ಇತ್ತು ಮೇಡಂ. ನಾನು ದಿನಾ ನಿಮ್ಮ ಬಾಗಿಲ ಹತ್ರ ಬಂದು ನಿಲ್ತಿದ್ದೆ."

ಮೇಡಂ ಕೂತಿದ್ದ ಸ್ಟೂಲಿನಿಂದೆದ್ದರು. ಗೋಡೆ ಹಿಡಿದು, ನೋಯುವ ಮಂಡಿಯನ್ನು ಮೆಲ್ಲಗೆ ಮಡಿಸಿ, ಆ ಒದ್ದೆ ನೆಲದ ಮೇಲೆ ಮೊಣಕಾಲೂರತೊಡಗಿದರು. ಹಿರಿಯರು ಕಿರಿಯರ ಮುಂದೆ ಹೀಗೆ ಊರುವುದನ್ನು ಆ ಪೇಟೆಯಲ್ಲಿ ಯಾರೂ ಕಂಡಿರಲಿಲ್ಲ. ಪಕ್ಕದ ಅಂಗಳದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಎವಾತೋಮಿ ಓಡಿಬಂದು ಅವರ ಎರಡೂ ತೋಳು ಹಿಡಿದು ಮೇಲಕ್ಕೆತ್ತಿದಳು. ಕೈಯ ನೀಲಿ ತೊಳೆದುಕೊಳ್ಳಬೇಕಿತ್ತೆಂದು ಅವಳಿಗೆ ನೆನಪಾದದ್ದು ಮೇಡಂ ತೋಳಿನ ಮೇಲೆ ತನ್ನ ಬೆರಳುಗಳ ಗುರುತು ಕಂಡಮೇಲೆ.