ಹುಣಸಿ ಬೀಜದ ಅಂಟು

"ಏನಲೇ, ಇದೇನು ನಿಮ್ಮವ್ವನ ತೋಳೋ, ಹರಕ ತೊಗಲ ಚೀಲಾನೋ? ಔಷಧದ ಪಟ್ಟಿಗೆ ತ್ಯಾಪಿ ಹಚ್ಚಿಯಲ್ಲ!"

ಕಿನ್ನಾಳದ ಸಮುದಾಯ ಭವನದಲ್ಲಿ ಪಟ್ಟಿ ಅಂಟಿಸಿಕೊಂಡು ಕೂತಿದ್ದ ಉಳಿದ ಮೂವತ್ತೊಂಬತ್ತು ಮಂದಿ ಗೊಳ್ಳೆಂದು ನಕ್ಕರು. ಹೊಸ ಔಷಧ ಪರೀಕ್ಷೆಯ ಏಳನೇ ದಿನ ನೋಡಲು ಬಂದಿದ್ದ ಕಂಪನಿ ಡಾಕ್ಟರ್ ರುದ್ರೇಶ, ಮಗ ದುರಗೇಶನ ಎದುರಿಗೇ ಪೆನ್ನಿನ ತುದಿಯಿಂದ ಪಾರ್ವತೆಮ್ಮನ ತೋಳು ತಿರುವಿ ಎಲ್ಲರಿಗೂ ತೋರಿಸಿದ. ಕೈಗವಸು ಇತ್ತು, ಆದರೂ ಬೆರಳು ಮುಟ್ಟಿಸಲಿಲ್ಲ.

ಗುಳಿಗೆ ನುಂಗಬೇಕಿಲ್ಲ, ಸೂಜಿ ಚುಚ್ಚಬೇಕಿಲ್ಲ. ತೋಳಿಗೆ ಪಟ್ಟಿ ಅಂಟಿಸಿದರೆ ಏಳು ದಿನ ಔಷಧ ಚರ್ಮದೊಳಗೆ ತಾನೇ ಇಳಿದು ಮೊಣಕಾಲು ನೋವು ಕಳೆಯುತ್ತದೆ. ಇದು ಕಂಪನಿಯ ಸಂಶೋಧನೆ. ತಂಪು ಕೋಣೆಯಲ್ಲಿ ಹುಟ್ಟಿದ ಪಟ್ಟಿಗೆ ಕಳೆ ಕೀಳುವವರ ಬೆವರಿನ ಪರಿಚಯ ಇರಲಿಲ್ಲ. ಎರಡನೇ ದಿನಕ್ಕೇ ಪಾರ್ವತೆಮ್ಮನ ಪಟ್ಟಿ ಅಂಚು ಬಿಟ್ಟು ಜೋತುಬಿತ್ತು. ಎರಡು ವರ್ಷದ ಮೇಲೆ ಅವಳು ಗೋಡೆ ಹಿಡಿಯದೆ ಎದ್ದದ್ದೂ ಅಂದೇ.

"ದುರಗೇಶಾ, ಇದು ಬಿದ್ರ ನನ್ನ ಮೊಣಕಾಲೂ ಬೀಳ್ತಾವಪಾ," ಎಂದಿದ್ದಳು ಮಗನಿಗೆ. "ಗೊಂಬಿ ಕೈಕಾಲು ಬೀಳದಂಗ ಹಚ್ಚತಿ. ಹಡದವ್ವ ಗೊಂಬಿಗಿಂತ ಕಡಿಮ್ಯಾದ್ಳೇನು?"

ದುರಗೇಶ ಗೊಂಬೆ ಮಾಡುವವರ ಮನೆಯ ಕೂಲಿ. ದೇವರಿಗೆ ಕಣ್ಣು ಬರೆಯಲು ಅವನನ್ನು ಬಿಡುವುದಿಲ್ಲ. ಹುಣಸೆ ಬೀಜ ನೆನೆಸಿ, ಅರೆದು, ಕುದಿಸಿ ಅಂಟು ಮಾಡಲು ಮಾತ್ರ ಬಿಡುತ್ತಾರೆ. ಗರುಡನ ರೆಕ್ಕೆ ನಿಂತಿರುವುದು ಆ ಅಂಟಿನ ಮೇಲೆಯೇ. ಅಂದು ರಾತ್ರಿ ಉಣ್ಣುವ ಮೊದಲೇ ಒಂದು ಬೆರಳು ಅಂಟು ತಂದು ಪಟ್ಟಿಯ ಅಂಚಿಗೆ ಸವರಿ ಒತ್ತಿದ್ದ.

"ಸಾಲಿ ಎಷ್ಟನೇ ಕ್ಲಾಸ್ ಕಲ್ತೀಲೇ?" ರುದ್ರೇಶ ಕೇಳಿದ.

"ಏಳನೇದ್ರಿ."

"ಅದಕ್ಕ! ಹನ್ನೆರಡು ವರ್ಷದ ಸೈನ್ಸಿಗೆ ಹುಣಸಿ ಗಂಜಿ ಬಳದಾನ ಸೂಳೆಮಗ. ಸುರೇಖಾ, ಈಕಿ ಹೆಸರು ಹೊಡಿ. ಪಟ್ಟಿ ಕಿತ್ತು ಮನಿಗೆ ಕಳಸು."

ನರ್ಸ್ ಸುರೇಖಾ ಎಳೆದಳು. ಬರಲಿಲ್ಲ. ಉಗುರು ಹಾಕಿ ಎಳೆದಳು. ತೊಗಲೇ ಎದ್ದು ಬಂತು.

"ಹಗೂರ ಎಳಿ ನಮ್ಮವ್ವಾ, ಅದರ ಕೆಳಗ ನಾನೂ ಅದೀನಿ," ಎಂದಳು ಪಾರ್ವತೆಮ್ಮ.

ಸುರೇಖಾ ಕೈಬಿಟ್ಟಳು. "ಸರ್, ಉಳಿದೋರ್ದು ಎಲ್ಲಾ ಉದುರಿ ಹೋಗ್ಯಾವ್ರಿ. ನಲವತ್ತರಾಗ ಏಳು ದಿನ ನಿಂತಿದ್ದು ಇದೊಂದ ರೀ."

ನಗು ನಿಂತಿತು. ರುದ್ರೇಶ ತೋಳನ್ನೇ ನೋಡಿದ. ಕೈಗವಸಿನ ಬೆರಳು ಈಗ ಮೆಲ್ಲಗೆ ಪಟ್ಟಿಯ ಅಂಚನ್ನು ಸವರಿತು.

"ಬಾ ತಮ್ಮಾ, ಕುಂದರು," ಎಂದು ತನ್ನ ಪಕ್ಕದ ಕುರ್ಚಿ ಜರುಗಿಸಿದ. "ಚಾ ತರಸ್ಲೇನು? ಬೀಜ ಎಷ್ಟು ತಾಸು ನೆನಸ್ತಿ? ಮತ್ತೇನರ ಕೂಡಸ್ತೀಯೇನಪಾ?"

ತೋಳು ತಿರುವಿದ ಪೆನ್ನು ಈಗ ಹಾಳೆಯ ಮೇಲೆ ಬಾಯಿ ತೆರೆದು ಕಾದಿತ್ತು.

ದುರಗೇಶ ಉಗುರಿನ ಸಂದಿಯ ಒಣ ಅಂಟನ್ನು ಕೆರೆಯುತ್ತ ನಿಂತ.

"ನಿಮ್ಮವ್ವನ ಹೆಸರು ಮತ್ತ ಬರಿತೀನೋ! ಇನ್ನೊಂದು ಪಟ್ಟಿ ಕೊಡ್ತೀನಿ. ಹೇಳು!"

ತೋಳಿನ ಪಟ್ಟಿಯೊಳಗಿನ ಔಷಧ ಇವತ್ತಿಗೆ ಮುಗಿಯುತ್ತಿತ್ತು. ಅದು ಪಾರ್ವತೆಮ್ಮನಿಗೂ ಗೊತ್ತಿತ್ತು. ಅವಳು ಗೋಡೆ ಹಿಡಿಯದೆ ಎದ್ದಳು.

"ನಡಿಯೋ, ಮೊಣಕಾಲು ಇನ್ನಾ ನಡಿತಾವು," ಎಂದಳು.

"ತಮ್ಮಾ! ನೀರು ಎಷ್ಟು ಹಾಕ್ತಿ, ಅದಷ್ಟರ ಹೇಳೋ!"

ದುರಗೇಶ ಅವ್ವನ ಹಿಂದೆ ಹೊಸ್ತಿಲು ದಾಟಿದ.