ಹೊಲಿಗೆಯ ಪಕ್ಕದ ಗಡ್ಡೆ

ಹೋಟೆಲುಗಳ ಬಟ್ಟೆ ಒಗೆದು ಕೊಡುವ ಲಾಂಡ್ರಿಯೊಂದರಲ್ಲಿ ಅವಳು ಇಸ್ತ್ರಿ ಮಾಡುತ್ತಿದ್ದಳು. ದಿನವಿಡೀ ನಿಂತೇ ಕೆಲಸ. ಮೇಜಿನ ಅಂಚು ಸರಿಯಾಗಿ ಅವಳ ಕಿಬ್ಬೊಟ್ಟೆಗೆ ಒತ್ತುತ್ತಿತ್ತು. ತಿಂಗಳಲ್ಲಿ ಕೆಲವು ದಿನ ಮಾತ್ರ ಅವಳು ನೇರ ನಿಲ್ಲುತ್ತಿರಲಿಲ್ಲ. ಸೊಂಟ ತಿರುಗಿಸಿ ಓರೆಯಾಗಿ ನಿಂತು ಇಸ್ತ್ರಿ ತಳ್ಳುತ್ತಿದ್ದಳು.

“ಏನೇ, ಮೇಜಿನ ಮೇಲೆ ಮುನಿಸಾ?” ಎಂದು ಪಕ್ಕದ ಮೇಜಿನವಳು ನಗುತ್ತಿದ್ದಳು.

“ಹೂಂ, ಗಂಡನ ಮೇಲೆ ಮುನಿಸ್ಕೊಂಡು ಸಾಕಾಯ್ತು. ಈಗ ಇದರ ಸರದಿ.”

ಇಬ್ಬರೂ ನಗುತ್ತಿದ್ದರು. ನಕ್ಕರೆ ಅವಳಿಗೆ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು.

ಮಗಳು ಹುಟ್ಟಿದ್ದು ಸಿಸೇರಿಯನ್ ಆಪರೇಷನ್ನಿನಿಂದ. ಗಾಯ ಚೆನ್ನಾಗಿಯೇ ಒಣಗಿತ್ತು. ಮಗು ಓಡಾಡಲು ಕಲಿತ ಮೇಲೆ ಒಂದು ದಿನ ಸ್ನಾನ ಮಾಡುವಾಗ, ಹೊಲಿಗೆಯ ಬಲತುದಿಯಲ್ಲಿ ಚರ್ಮದ ಕೆಳಗೆ ಗೋಲಿಯಷ್ಟು ಗಟ್ಟಿಯಾದದ್ದೇನೋ ಕೈಗೆ ಸಿಕ್ಕಿತು. ಮುಟ್ಟಾದ ದಿನಗಳಲ್ಲಿ ಅದು ಊದಿಕೊಂಡು, ಒಳಗಿಂದ ಯಾರೋ ಕೆಂಡ ಇಟ್ಟಂತೆ ಉರಿಯುತ್ತಿತ್ತು. ಆಮೇಲೆ ತಣ್ಣಗಾಗುತ್ತಿತ್ತು. ವರ್ಷ ಕಳೆದಂತೆ ಅದು ನಿಂಬೆಹಣ್ಣಿನಷ್ಟಾಯಿತು.

ಒಬ್ಬ ಡಾಕ್ಟರು, “ಹೊಲಿಗೆ ದಾರ ಒಳಗೇ ಉಳಿದಿರಬೇಕು, ಕರಗುತ್ತೆ ಬಿಡಿ” ಎಂದರು. ಇನ್ನೊಬ್ಬರು ಕೀವು ತುಂಬಿದೆ ಎಂದು ಕೊಯ್ದರು. ಕೀವು ಬರಲಿಲ್ಲ, ಒಂದಿಷ್ಟು ಕಪ್ಪುರಕ್ತ ಬಂತು. ಆ ಗಾಯ ವಾಸಿಯಾಗುವಷ್ಟರಲ್ಲಿ ಅವಳು ಸೋತುಹೋದಳು. ಮತ್ತೊಬ್ಬರು ಹರ್ನಿಯಾ ಎಂದು ಸೊಂಟಕ್ಕೆ ಬೆಲ್ಟು ಕೊಟ್ಟರು. ನೋವು ಯಾವಾಗ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಮುಟ್ಟಿನ ಮಾತನ್ನು ಗಂಡಸು ಡಾಕ್ಟರ ಮುಂದೆ ತಾನಾಗಿ ಎತ್ತಲು ಅವಳಿಗೆ ನಾಲಿಗೆ ಹೊರಳಲಿಲ್ಲ.

ಮನೆಯಲ್ಲಿ ಮೊದಲು ಮರುಕವಿತ್ತು. ಆಮೇಲೆ ಅದೂ ಹಳಸಿತು.

“ತೋರಿಸಿದ್ದಾಯ್ತು, ಮಾತ್ರೆ ನುಂಗಿದ್ದಾಯ್ತು. ಹೋದ ವಾರ ಚೆನ್ನಾಗೇ ಓಡಾಡ್ತಿದ್ದೆ, ಈ ವಾರ ಮತ್ತೆ ಮಲಗಿದೀಯ. ನಿನಗೆ ನೋವಿರೋದು ಹೊಟ್ಟೇಲೋ ಮನಸ್ಸಲ್ಲೋ?” ಎಂದ ಗಂಡ. ಅವನು ಶಾಲಾ ಬಸ್ಸಿನ ಡ್ರೈವರು, ಕೆಟ್ಟವನಲ್ಲ. ಅವನಿಗೂ ಸಾಕಾಗಿತ್ತು.

“ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲಾ ಇದ್ದದ್ದೇ. ನಾವೇನು ಹೆರಲಿಲ್ವಾ?” ಎಂದರು ಅತ್ತೆ. ಮೊಮ್ಮಗಳ ತಲೆ ಬಾಚುತ್ತಾ ಇನ್ನೊಂದು ಮಾತನ್ನೂ ಸೇರಿಸುತ್ತಿದ್ದರು: “ನಿನ್ನ ಹೆತ್ತಾಗಿನಿಂದ ನಿಮ್ಮಮ್ಮ ನೆಟ್ಟಗಿಲ್ಲ ನೋಡು.”

ಮಗು ಆ ಮಾತನ್ನು ಕೇಳಿಸಿಕೊಂಡೇ ಬೆಳೆಯಿತು. ಶಾಲೆಯಿಂದ ಬಂದವಳು ಅಮ್ಮನ ಮೇಲೆ ಬೀಳುವುದನ್ನು ಬಿಟ್ಟಳು. ಅಜ್ಜಿಯ ಪಕ್ಕ ಮಲಗತೊಡಗಿದಳು. ಒಂದು ಸಂಜೆ ಮಂಚದಿಂದ ದೂರ ನಿಂತು ಕೇಳಿದಳು: “ಅಮ್ಮಾ, ನಾನು ಹೊರಗೆ ಬಂದ ಜಾಗನೇ ಅಲ್ವಾ ನೋಯೋದು?”

ತಾಯಿ ಗೋಡೆಯ ಕಡೆ ತಿರುಗಿದಳು.

ಒಂದು ದಿನ ಕೆಲಸದಲ್ಲಿ ನೋವು ಹೇಗೆ ಬಂತೆಂದರೆ, ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಬಿಟ್ಟು ನೆಲಕ್ಕೆ ಕುಸಿದಳು. ಹೋಟೆಲಿನ ಮೇಜುಹಾಸು ಸುಟ್ಟು ಹೊಗೆ ತುಂಬಿತು. ಮರುದಿನ ಅವಳ ಮೇಜಿನ ಮುಂದೆ ಬೇರೆ ಹೆಂಗಸು ನಿಂತಿದ್ದಳು.

ಆಮೇಲೆ ಅವಳು ಏಳುವುದನ್ನೇ ಬಿಟ್ಟಳು. ತಲೆ ಬಾಚಲಿಲ್ಲ. ಕಿಟಕಿ ತೆರೆಯಲಿಲ್ಲ. ನೋವಿಲ್ಲದ ದಿನಗಳಲ್ಲೂ ಮುಂದಿನ ನೋವನ್ನು ಕಾಯುತ್ತಾ ಮಲಗಿರುತ್ತಿದ್ದಳು.

ಆ ಹೊತ್ತಿಗೆ ಕಾಲು ಉಳುಕಿಸಿಕೊಂಡಿದ್ದ ಅತ್ತೆಯನ್ನು ನೋಡಲು ದೊಡ್ಡ ಸೊಸೆ ಬಂದಳು. ಅವಳು ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಓರಗಿತ್ತಿಯರಿಗೆ ಅಷ್ಟಕ್ಕಷ್ಟೆ, ಹಬ್ಬ ಹರಿದಿನಕ್ಕೂ ಒಂದು ಮಾತು, ಎರಡು ಮಾತು. ಆದರೆ ಕೋಣೆಯೊಳಗೆ ಇಣುಕಿದ ನರ್ಸು ಅಲ್ಲೇ ಕುಳಿತಳು.

“ತೋರಿಸು ನೋಡೋಣ.”

“ಏನು ನೋಡ್ತೀರಕ್ಕಾ, ಎಲ್ಲಾರೂ ನೋಡಿದ್ದಾಯ್ತು.”

“ನಾನು ನೋಡಿಲ್ವಲ್ಲ.”

ಸೀರೆ ಸರಿಸಿ ತೋರಿಸಿದಳು. ನರ್ಸು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದಳು.

“ದಿನಾ ಹೀಗೇನಾ?”

“ಇಲ್ಲ. ಮುಟ್ಟಾಗೋ ಹೊತ್ತಿಗೆ ಶುರು. ಆಗ ದಪ್ಪ ಆಗುತ್ತೆ. ಮುಗಿದ ಮೇಲೆ ಇಳಿಯುತ್ತೆ.”

“ಪ್ರತಿ ತಿಂಗಳೂ?”

“ತಪ್ಪದೆ.”

“ಇದನ್ನ ಡಾಕ್ಟರಿಗೆ ಹೇಳಿದ್ಯಾ?”

“ಅವರು ಕೇಳಲಿಲ್ಲ.”

ನರ್ಸು ಅವಳ ಸೀರೆ ಸರಿಮಾಡಿದಳು. “ಇಂಥದ್ದನ್ನ ನಮ್ಮಲ್ಲಿ ಒಂದೆರಡು ಸಲ ನೋಡಿದೀನಿ. ನಾನು ಹೇಳಿದ್ದೇ ಖಚಿತ ಅಲ್ಲ. ಹೆರಿಗೆ ಡಾಕ್ಟರಿಗೆ ತೋರಿಸೋಣ, ನಾಳೆನೇ ಹೊರಡು.”

ಅತ್ತೆ ಹೊರಗಿನಿಂದಲೇ ಕೂಗಿದರು: “ಮತ್ತೆ ಕೊಯ್ಸೋಕಾ? ಕೊಯ್ದು ಕೊಯ್ದು ಹೊಟ್ಟೆ ಏನು ಬಟ್ಟೆ ಚೀಲನಾ?”

ಅವಳೂ ತಲೆ ಅಲ್ಲಾಡಿಸಿದಳು. “ಬೇಡಕ್ಕಾ. ನೋವಾದ್ರೂ ತಡ್ಕೋತೀನಿ. ವಾಸಿ ಆಗುತ್ತೆ ಅಂತ ಆಸೆ ಇಟ್ಕೊಂಡು ಹೋಗಿ, ಏನೂ ಇಲ್ಲ ಅನ್ನಿಸ್ಕೊಂಡು ಬರೋದನ್ನ ಇನ್ನು ತಡ್ಕೊಳಕ್ಕಾಗಲ್ಲ.”

“ಆಸೆ ಇಟ್ಕೋಬೇಡ. ಸುಮ್ನೆ ನನ್ನ ಜೊತೆ ಬಾ,” ಎಂದಳು ನರ್ಸು.

ನರ್ಸು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರಮ್ಮ ಎಲ್ಲವನ್ನೂ ಕೇಳಿ, ಸ್ಕ್ಯಾನಿಂಗ್ ಮಾಡಿಸಿ, ಜೊತೆಗೆ ಬಂದಿದ್ದ ಗಂಡನನ್ನೂ, ಕುಂಟುತ್ತಲೇ ಬಂದಿದ್ದ ಅತ್ತೆಯನ್ನೂ ಒಳಗೆ ಕರೆದರು.

“ಇದಕ್ಕೆ ಎಂಡೊಮೆಟ್ರಿಯೋಸಿಸ್ ಅಂತಾರೆ. ಗರ್ಭಕೋಶದ ಒಳಗೆ ಒಂದು ಪದರ ಇರುತ್ತೆ, ಪ್ರತಿ ತಿಂಗಳೂ ಬೆಳೆದು ಮುಟ್ಟಾಗಿ ಹೋಗುತ್ತೆ. ಸಿಸೇರಿಯನ್ ಮಾಡುವಾಗ ಅದರ ಚೂರು ಹೊಟ್ಟೆಯ ಗಾಯದಲ್ಲಿ ಸೇರಿ ಅಲ್ಲೇ ಬೇರು ಬಿಟ್ಟಿರಬಹುದು. ತಿಂಗಳು ತಿಂಗಳೂ ಅದೂ ಊದಿಕೊಳ್ಳುತ್ತೆ, ರಕ್ತ ಜಿನುಗುತ್ತೆ. ಹೊರಗೆ ಹೋಗೋಕೆ ದಾರಿ ಇಲ್ಲ. ಅದಕ್ಕೇ ಈ ನೋವು.”

“ಅಂದ್ರೆ... ನೋವು ನಿಜಾನಾ?” ಎಂದು ಕೇಳಿದ ಗಂಡ.

“ನಿಜ. ಬಹಳ ನಿಜ.”

“ಕ್ಯಾನ್ಸರಾ?”

“ಅಲ್ಲ ಅನ್ಸುತ್ತೆ. ಇದು ಕ್ಯಾನ್ಸರ್ ಆಗೋದು ತೀರಾ ಅಪರೂಪ. ಆದ್ರೂ ತೆಗೆದ ಗಡ್ಡೆನ ಲ್ಯಾಬಿಗೆ ಕಳಿಸಿ ಖಚಿತ ಮಾಡ್ಕೋತೀವಿ.”

“ಮಾತ್ರೇಲಿ ಹೋಗಲ್ವಾ ತಾಯಿ?” ಎಂದರು ಅತ್ತೆ.

“ಮಾತ್ರೆ ನೋವನ್ನ ಕಡಿಮೆ ಮಾಡಬಹುದು. ನಿಲ್ಲಿಸಿದ್ರೆ ಸಾಮಾನ್ಯವಾಗಿ ಮತ್ತೆ ಬರುತ್ತೆ. ಸುತ್ತಲಿನ ಸ್ವಲ್ಪ ಒಳ್ಳೆ ಮಾಂಸದ ಸಮೇತ ಗಡ್ಡೆನ ಪೂರ್ತಿ ತೆಗೆಯೋದೇ ಸರಿಯಾದ ದಾರಿ. ಗೋಲಿಯಷ್ಟಿದ್ದಾಗಲೇ ಬಂದಿದ್ರೆ ಚಿಕ್ಕ ಆಪರೇಷನ್ ಸಾಕಿತ್ತು. ಈಗ ಹೊಟ್ಟೆ ಸ್ನಾಯುವಿನೊಳಗೂ ಇಳಿದಿದೆ. ತೆಗೆದ ಜಾಗಕ್ಕೆ ಬಲ ಬರಲಿ ಅಂತ ಬಲೆಯಂಥ ಜಾಲರಿ ಇಟ್ಟು ಹೊಲಿಬೇಕಾಗಬಹುದು.”

ಅವಳು ಅಳತೊಡಗಿದಳು. ಬಿಕ್ಕಳಿಕೆಯ ನಡುವೆ ಒಂದೇ ಮಾತು ಬಂತು: “ನಂಗೆ ಹುಚ್ಚು ಅಂತ ನಾನೂ ನಂಬಿಬಿಟ್ಟಿದ್ದೆ.”

ಗಂಡ ತಲೆ ಎತ್ತಲಿಲ್ಲ. ಅತ್ತೆ ಸೊಸೆಯ ಕೈ ಹಿಡಿದರು. “ಮಾಡಿ ತಾಯಿ. ಏನು ಮಾಡಬೇಕೋ ಮಾಡಿ,” ಎಂದರು ಡಾಕ್ಟರಮ್ಮನಿಗೆ.

ಆಪರೇಷನ್ ಆಯಿತು. ಡಾಕ್ಟರು ಹೇಳಿದ ಕಾಯಿಲೆಯೇ ಎಂದು ಲ್ಯಾಬೂ ಹೇಳಿತು, ಕ್ಯಾನ್ಸರ್ ಇರಲಿಲ್ಲ. ಮುಂದಿನ ತಿಂಗಳು ಮುಟ್ಟು ಬಂತು, ಕೆಂಡ ಬರಲಿಲ್ಲ. ಗಡ್ಡೆ ಮತ್ತೆ ಬರುವ ಸಾಧ್ಯತೆ ಸ್ವಲ್ಪ ಇರುವುದರಿಂದ ಆಗಾಗ ತೋರಿಸಬೇಕು ಎಂದರು ಡಾಕ್ಟರಮ್ಮ.

ನೋವೇನೋ ಹೋಯಿತು. ಹೋದ ವರ್ಷಗಳು ಬರಲಿಲ್ಲ. ಲಾಂಡ್ರಿಯಲ್ಲಿ ಮತ್ತೆ ಕೆಲಸ ಸಿಗಲಿಲ್ಲ. ಭಾರ ಎತ್ತಿದರೆ ಜಾಲರಿ ಇಟ್ಟ ಜಾಗ ಇಂದಿಗೂ ಬಿಗಿಯುತ್ತದೆ. ಒಂದು ಮಧ್ಯಾಹ್ನ ಅವಳು ಮಗಳನ್ನು ಕೈಚಾಚಿ ಕರೆದಳು.

“ಬಾ ಪುಟ್ಟಿ. ಈಗ ನೋಯಲ್ಲ.”

ಮಗು ಬಾಗಿಲಲ್ಲೇ ನಿಂತಿತು.

“ನಿನ್ನಿಂದ ಏನೂ ಆಗಿಲ್ಲ ಕಣೇ. ಅದು ಒಂದು ಕಾಯಿಲೆ. ಅದಕ್ಕೊಂದು ಹೆಸರಿದೆ, ಡಾಕ್ಟರು ಹೇಳಿದ್ರು.”

ಮಗು ಬಹಳ ಹೊತ್ತು ಅಮ್ಮನ ಮುಖ ನೋಡಿತು. ಆಮೇಲೆ ಬಂದು ಮಂಚದ ತುದಿಯಲ್ಲಿ, ಮೈ ತಾಗದಷ್ಟು ದೂರ ಕುಳಿತುಕೊಂಡಿತು. ಒಳಗಿನಿಂದ ಇದನ್ನು ಕಂಡ ಅಜ್ಜಿ ಕಣ್ಣೊರೆಸಿಕೊಂಡರು. ತಾವಾಡಿದ ಮಾತನ್ನು ವಾಪಸು ನುಂಗುವುದು ಅವರಿಂದ ಆಗಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಸಿಸೇರಿಯನ್ನಿನ ಅಥವಾ ಗರ್ಭಕೋಶದ ಬೇರೆ ಆಪರೇಷನ್ನಿನ ಹೊಲಿಗೆಯ ಹತ್ತಿರ ಗಡ್ಡೆ ಕೈಗೆ ಸಿಕ್ಕರೆ, ಮುಟ್ಟಿನ ಹೊತ್ತಿಗೆ ಅದು ನೋಯುತ್ತಿದ್ದರೆ, ಊದುತ್ತಿದ್ದರೆ, ರಕ್ತ ಒಸರುತ್ತಿದ್ದರೆ ಹೆರಿಗೆ ಡಾಕ್ಟರಿಗೆ ತೋರಿಸಿ. ಆಪರೇಷನ್ ಆಗಿ ವರ್ಷಗಳೇ ಕಳೆದಿದ್ದರೂ ತೋರಿಸಿ. ಕೆಲವರಿಗೆ ನೋವು ತಿಂಗಳಿಡೀ ಇರುತ್ತದೆ, ಅವರೂ ತೋರಿಸಿ. ಎಲ್ಲ ಗಡ್ಡೆಯೂ ಇದೇ ಅಲ್ಲ; ಯಾವುದೆಂದು ಪರೀಕ್ಷೆಯೇ ಹೇಳಬೇಕು. ಮನೆಯವರೇ, ನೋವು ಬಂದು ಹೋಗುತ್ತದೆ ಎಂದ ಮಾತ್ರಕ್ಕೆ ಅದನ್ನು ನಾಟಕ ಎನ್ನಬೇಡಿ. ಡಾಕ್ಟರ ಮುಂದೆ ಕುಳಿತಾಗ ನಾಚಿಕೆಯನ್ನು ಹೊರಗೆ ಬಿಟ್ಟು, “ನಂಗೆ ಇದು ಮುಟ್ಟಿನ ಜೊತೆ ಬರುತ್ತೆ” ಎಂದು ಹೇಳಿಬಿಡಿ. ಅವರು ಕೇಳಲಿ ಎಂದು ಕಾಯಬೇಡಿ.